ಮೇಕೆ ಉಳಿಸಿದವರು ಎಲ್ಲಿ ಹೋದರು?

ಬೆಳಿಗ್ಗೆ ಏಳೂ ಇಪ್ಪತ್ತರ ಬಸ್ಸಿಗೆ ಹಳೇ ಸ್ಟ್ಯಾಂಡಿನಲ್ಲಿ ಕಾಯುವವರಿಗೆ ದೊಡ್ಡಿಯ ವಾಸನೆ ಎಂಥದ್ದು ಅಂತ ನಾನು ಹೇಳಬೇಕಾಗಿಲ್ಲ. ಮೂಗಿಗೆ ಕರ್ಚೀಫು ಹಿಡಿದು, ಬಸ್ಸು ಬಂದ ಕೂಡಲೇ ಹತ್ತಿ, ಕಿಟಕಿ ಎಳೆದುಕೊಂಡು ಎಲ್ಲರೂ ಪಾರಾಗುತ್ತೇವೆ. ನಾನೂ ನಾಲ್ಕು ತಿಂಗಳು ಹಾಗೇ ಪಾರಾದೆ. ಹೋದ ತಿಂಗಳು ಒಂದು ದಿನ ಬಸ್ಸು ಮುಕ್ಕಾಲು ಗಂಟೆ ತಡ. ಸುಮ್ಮನೆ ನಿಲ್ಲಲಾರದೆ ಕಾಂಪೌಂಡ್ ಗೋಡೆ ಮೇಲಿಂದ ಇಣುಕಿದೆ.

ಒಳಗೆ ಇದ್ದದ್ದು 14 ಮೇಕೆ. ಲಾರಿಯಿಂದ ಇಳಿಸಿದಾಗ 23 ಇದ್ದವು. ಜ್ಞಾಪಕ ಇದೆಯಾ? ಹಬ್ಬಕ್ಕೆ ಮುಂಚಿನ ವಾರ ಹೆದ್ದಾರಿಯಲ್ಲಿ ಲಾರಿ ತಡೆದದ್ದು, ರಾತ್ರಿಯೊಳಗೆ ಊರಿನ ಅರ್ಧ ಜನರ ಮೊಬೈಲಿಗೆ ವಿಡಿಯೋ ಬಂದದ್ದು, ಮರಿಯನ್ನು ಎದೆಗಪ್ಪಿಕೊಂಡು ಫೋಟೋ ತೆಗೆಸಿಕೊಂಡವರಿಗೆ ಮಾರನೇ ದಿನ ಹಾರ ಬಿದ್ದದ್ದು. ಆ ಫೋಟೋದಲ್ಲಿದ್ದ ಮರಿ ಈಗ ಇಲ್ಲ.

ಲಾರಿ ತಡೆದದ್ದರ ಬಗ್ಗೆ ನನ್ನ ತಕರಾರಿಲ್ಲ. 1978ರ ಪ್ರಾಣಿ ಸಾಗಾಣಿಕೆ ನಿಯಮದ ಪ್ರಕಾರ ಕುರಿ ಮೇಕೆ ಸಾಗಿಸಬೇಕಾದರೆ ಪಶುವೈದ್ಯರ ಸರ್ಟಿಫಿಕೇಟು ಬೇಕು, ದಾರಿಗೆ ಮೇವು ನೀರು ಬೇಕು, ಕಾಲೂರಿ ನಿಲ್ಲಲು ಜಾಗ ಬೇಕು. ಅಲ್ಲಿ ಮೂರೂ ಇರಲಿಲ್ಲ. ಭಾನುವಾರ ಮಟನ್ ಅಂಗಡಿ ಮುಂದೆ ಚೀಲ ಹಿಡಿದು ನಿಲ್ಲುವವನು ನಾನು, ಅದನ್ನು ಮುಚ್ಚಿಟ್ಟು ದಯಾಳುವಿನ ವೇಷ ಹಾಕುವುದಿಲ್ಲ. ಆದರೆ ತಿನ್ನುವ ಪ್ರಾಣಿಯನ್ನು ಉಸಿರುಗಟ್ಟಿಸಿಯೇ ತರಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ತಡೆದದ್ದು ಸರಿ. ನಾನು ಕೇಳುವುದು ಲಾರಿಯಿಂದ ಇಳಿಸಿದ ಮೇಲಿನ ಮಾತು.

ಆಮೇಲೆ ಏನಾಯಿತು ಅಂತ ವಿಚಾರಿಸುತ್ತಾ ಹೋದೆ. ಒಂದು ಕಡೆ, "ನಾವು ಒಪ್ಪಿಸಿ ರಸೀತಿ ತಗೊಂಡಿದೀವಿ ಸಾರ್" ಅಂದರು. ಇನ್ನೊಂದು ಕಡೆ, "ಅದು ಕೋರ್ಟಿನ ಮಾಲು, ನಾವು ಮುಟ್ಟೋ ಹಾಗಿಲ್ಲ." ಮಗದೊಂದು ಕಡೆ, "ಕರೆದರೆ ಬರ್ತೀವಿ, ಯಾರೂ ಕರೆದಿಲ್ಲ." ಹಾರ ಹಾಕಿಸಿಕೊಂಡವರು, "ಗೋಶಾಲೆಯಲ್ಲಿ ಮೇಕೆಗೆ ಜಾಗ ಇಲ್ವಂತೆ, ಏನ್ಮಾಡೋಣ" ಅಂದು ಫೋನ್ ಇಟ್ಟರು. ದೊಡ್ಡಿ ಕಾಯುವವನೊಬ್ಬ ಇದ್ದಾನೆ, ದಿನಗೂಲಿ. ಅವನಿಗೆ ಕೊಡುವುದು ಎರಡು ಬೀದಿದನಕ್ಕೆ ಆಗುವಷ್ಟು ಹುಲ್ಲು. ಅದರಲ್ಲೇ 23ಕ್ಕೂ ಹಂಚಿದ. ಅವನನ್ನು ಬೈಯುವವರು ಮೊದಲು ಅವನ ಕೂಲಿ ಎಷ್ಟು ತಿಂಗಳದ್ದು ಬಾಕಿ ಇದೆ ಅಂತ ಕೇಳಲಿ.

ಇಣುಕಿದಾಗ ಕಂಡದ್ದನ್ನು ಹೇಳಿಬಿಡುತ್ತೇನೆ. ಮೊಣಕಾಲುದ್ದ ಹಿಕ್ಕೆ, ಅದರ ಮೇಲೆ ಮಳೆನೀರು. ಗೊರಸು ಬೆಳೆದು ಮೊನೆ ಚಪ್ಪಲಿಯ ಹಾಗೆ ಮೇಲಕ್ಕೆ ಮಡಿಚಿಕೊಂಡಿವೆ. ಎರಡು ಮೇಕೆ ಮುಂಗಾಲು ಮಡಿಸಿ ಮಂಡಿಯ ಮೇಲೇ ತೆವಳುತ್ತಿವೆ. ಹಿಂಭಾಗದ ಕೂದಲು ಸಗಣಿ ಮೆತ್ತಿ ಹಲಗೆಯಾಗಿದೆ. ಒಂದರ ಕುತ್ತಿಗೆಗೆ ಲಾರಿಯಲ್ಲಿ ಕಟ್ಟಿದ್ದ ಪ್ಲಾಸ್ಟಿಕ್ ಹಗ್ಗ ಹಾಗೇ ಇದೆ. ಹಗ್ಗ ಚರ್ಮದೊಳಗೆ ಇಳಿದು, ಗಾಯದಲ್ಲಿ ಹುಳ ಬಿದ್ದಿದೆ. ನಾಲ್ಕು ತಿಂಗಳಲ್ಲಿ ಒಬ್ಬರೂ ಆ ಗಂಟು ಬಿಚ್ಚಿಲ್ಲ.

1962ಕ್ಕೆ ಫೋನ್ ಮಾಡಿದೆ. ಮನೆ ಬಾಗಿಲಿಗೆ ಪಶು ಆಂಬುಲೆನ್ಸ್ ಕಳಿಸುವ ನಂಬರ್ ಅದು, ಅಂಗಡಿ ಗೋಡೆಗೆ ಬರೆದಿಟ್ಟುಕೊಳ್ಳಿ. ಗಾಡಿ ಬಂತು, ಡಾಕ್ಟರೂ ಬಂದರು. ಮೊದಲು ಸತ್ತ 9ರ ವಿಷಯ ಕೇಳಿದರು. ಕಾವಲುಗಾರ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಕೊಟ್ಟ ಉತ್ತರ ನನಗೂ ಹಿಡಿಸಲಿಲ್ಲ, ನಿಮಗೂ ಹಿಡಿಸಲಿಕ್ಕಿಲ್ಲ. ಲೆಕ್ಕಕ್ಕೆ ಸಿಕ್ಕಂತೆ ನಾಲ್ಕನ್ನು ಕೊಂದಿರುವುದು ಹಸಿವಲ್ಲವಂತೆ, ನಮ್ಮ ಬಜಾರಿನ ದಯೆಯಂತೆ.

ಕೇಳಿ. ಸಂಜೆ ಅಂಗಡಿ ಮುಚ್ಚುವಾಗ ಪಾಪ ಅಂತ ನಾವು ಗೋಡೆಯಾಚೆ ಸುರಿಯುವುದೇನು? ಹುಳುಕು ಅಕ್ಕಿ, ಹೋಟೆಲಿನ ಉಳಿದ ಅನ್ನ, ಹುಳಿ ಬಂದ ಇಡ್ಲಿ ಹಿಟ್ಟು, ಕೊಳೆತ ಬಾಳೆಹಣ್ಣು. "ಆಡು ಮುಟ್ಟದ ಸೊಪ್ಪಿಲ್ಲ" ಅನ್ನೋ ಗಾದೆ ನಂಬಿಕೊಂಡು ಮೇಕೆ ಏನು ಕೊಟ್ಟರೂ ಅರಗಿಸುತ್ತದೆ ಅಂದುಕೊಂಡಿದ್ದೇವೆ. ಗಾದೆ ಸೊಪ್ಪಿನ ಮಾತಾಡಿದೆ ಸ್ವಾಮಿ, ಅನ್ನದ ಮಾತಾಡಿಲ್ಲ. ಮೇಕೆಯ ದೊಡ್ಡಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳ ಸಂಸಾರವೇ ಇದೆ. ವಾರಗಟ್ಟಲೆ ಅರೆಹೊಟ್ಟೆ ಇದ್ದದ್ದಕ್ಕೆ ಒಂದೇ ಸಲ ಒಂದು ಪುಟ್ಟಿ ಅಕ್ಕಿ ಬಿದ್ದರೆ ಅದು ಒಳಗೆ ಹುಳಿಯುತ್ತದೆ, ಆಮ್ಲವಾಗುತ್ತದೆ. ಹೊಟ್ಟೆ ಉಬ್ಬಿ, ಹಲ್ಲು ಕಡಿದು, ಒಂದೆರಡು ದಿನದಲ್ಲಿ ಸಾಯುತ್ತದೆ. ನಾನೇ ಒಂದು ದಿನ ಅರ್ಧ ಡಜನ್ ಬಾಳೆಹಣ್ಣು ಎಸೆದು ಪುಣ್ಯ ಬಂತು ಅಂತ ಬಸ್ ಹತ್ತಿದ್ದೆ.

ಇನ್ನೊಂದು ಸಂಗತಿ. ಸ್ಕೂಲು ಹುಡುಗರು ಹೆದ್ದಾರಿ ನಡುವಿನ ಗಿಡದಿಂದ ಗುಲಾಬಿ ಬಣ್ಣದ ಹೂವಿನ ಸೊಪ್ಪು ಕಿತ್ತು ತಂದು ಹಾಕುತ್ತಿದ್ದರಂತೆ. ಅದು ಕಣಗಿಲೆ, ಹೃದಯ ನಿಲ್ಲಿಸುವ ವಿಷ. ಬಯಲಲ್ಲಿ ಮೇಯುವ ಮೇಕೆ ಅದನ್ನು ಮೂಸಿ ಮುಂದೆ ಹೋಗುತ್ತದೆ. ಹಸಿದು ಕಟ್ಟಿಹಾಕಿದ ಮೇಕೆಗೆ ಆಯ್ಕೆ ಎಲ್ಲಿದೆ? ಹುಡುಗರನ್ನು ಬೈಯಬೇಡಿ, ಗಿಡದ ಗುರುತು ಹೇಳಿಕೊಡಿ ಸಾಕು.

ಇಷ್ಟು ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ಅಜ್ಜಿ ನಿಂತಿದ್ದರು. ಹಳ್ಳಿಯಿಂದ ಮೊದಲನೇ ಬಸ್ಸಿಗೆ ಬಂದು ಸೊಪ್ಪು ಮಾರುವವರು. ಮನೆಯಲ್ಲಿ ಮೂವತ್ತು ಮೇಕೆ ಇವೆಯಂತೆ. ಪೇಪರಿನಲ್ಲಿ ಹೆಸರು ಬೇಡ ಅಂದಿದ್ದಾರೆ. ಯಾರ ಅಪ್ಪಣೆಗೂ ಕಾಯದೆ ಒಳಗೆ ಬಂದವರೇ ಒಂದು ಮೇಕೆಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ, "ಏನ್ ಸ್ವಾಮಿ, ಇದ್ರ ಮೈಯಾಗೆ ರಕ್ತನೇ ಇಲ್ವಲ್ಲಪ್ಪ" ಅಂದರು. ಡಾಕ್ಟರು ನಕ್ಕು, "ಅಜ್ಜಿ ಹೇಳಿದ್ದೇ ಪರೀಕ್ಷೆ" ಅಂದರು. ಒಳರೆಪ್ಪೆ ಕೆಂಪಗಿದ್ದರೆ ಚಿಂತೆಯಿಲ್ಲ, ನಸುಗೆಂಪಾದರೆ ಎಚ್ಚರ, ಸುಣ್ಣದ ಹಾಗೆ ಬಿಳುಚಿದ್ದರೆ ಹೊಟ್ಟೆಯ ಹುಳು ರಕ್ತ ಕುಡಿದು ಮುಗಿಸುತ್ತಾ ಬಂದಿದೆ ಅಂತ ಅರ್ಥ. ದಕ್ಷಿಣ ಆಫ್ರಿಕಾದವರು ಈ ಬಣ್ಣ ಹೋಲಿಸಿ ನೋಡಲು ಐದು ಮೆಟ್ಟಿಲಿನ ಒಂದು ಕಾರ್ಡನ್ನೇ ಮಾಡಿದ್ದಾರೆ. ಅಜ್ಜಿ ಆ ಕಾರ್ಡು ಕಂಡವರಲ್ಲ. 14ರಲ್ಲಿ 6ರ ರೆಪ್ಪೆ ಬಿಳಿ. ಎರಡಕ್ಕೆ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ, ಅದೂ ಹುಳುವಿನದ್ದೇ ಗುರುತು.

ನಾನು ಉತ್ಸಾಹದಲ್ಲಿ ಪೈಪು ಹಾಕಿ ಎಲ್ಲವನ್ನೂ ತೊಳೆದುಬಿಡೋಣ ಅಂದೆ. ಡಾಕ್ಟರೂ ಅಜ್ಜಿಯೂ ಒಟ್ಟಿಗೆ ಬೈದರು. ನಿತ್ರಾಣ ಆದ ಮೇಕೆಯನ್ನು ತಣ್ಣೀರಲ್ಲಿ ನೆನೆಸಿದರೆ ಕೆಮ್ಮು ಕಚ್ಚಿಕೊಂಡು ಎದೆ ಕಟ್ಟಿ ಹೋಗುತ್ತದೆ. ಮೊದಲು ತೊಳೆಯಬೇಕಾದ್ದು ಮೇಕೆಯನ್ನಲ್ಲ, ನೆಲವನ್ನು. ಎರಡು ಭಾನುವಾರ ನಾವು ಆರು ಜನ ಹಿಕ್ಕೆ ಎತ್ತಿದೆವು. ಎಷ್ಟು ಎತ್ತಿದೆವೋ ಲೆಕ್ಕವಿಲ್ಲ, ತೋಟದವರೊಬ್ಬರು ಟ್ರ್ಯಾಕ್ಟರ್ ತಂದು ಗೊಬ್ಬರಕ್ಕೆ ಹೊತ್ತುಕೊಂಡು ಹೋದರು, ಅದಕ್ಕೆ ಬದಲಾಗಿ ಎರಡು ಮೂಟೆ ಶೇಂಗಾ ಹೊಟ್ಟು ಹಾಕಿ ಹೋದರು. ನೆಲ ಒಣಗಿಸಿ ಸುಣ್ಣ ಎರಚಿದೆವು. ಎಲೆಕ್ಟ್ರಿಕಲ್ ಅಂಗಡಿಯವರು ಫ್ರಿಜ್ಜು ಬರುವ ಮರದ ಪಟ್ಟಿಗಳನ್ನು ಕೊಟ್ಟರು. ಗೊರಸು ಸಿಕ್ಕದಂತೆ ಬೆರಳಗಲ ಸಂದು ಬಿಟ್ಟು ಹೊಡೆದು ಒಂದು ಅಟ್ಟ ಆಯಿತು. ಮೇಕೆ ಒದ್ದೆಯಲ್ಲಿ ಮಲಗುವ ಪ್ರಾಣಿಯಲ್ಲ. ಅಟ್ಟ ಇಟ್ಟ ಹತ್ತು ನಿಮಿಷಕ್ಕೆ ಏಳು ಮೇಕೆ ಅದರ ಮೇಲೆ ಹತ್ತಿ ಕೂತವು.

ಗೊರಸಿನ ಕೆಲಸ ನಿಧಾನದ್ದು. ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ ಗುಲಾಬಿ ಗಿಡ ಕತ್ತರಿಸುವ ಕತ್ತರಿಯಲ್ಲೇ ಕತ್ತರಿಸಬಹುದು. ಆದರೆ ಒಂದೇ ದಿನ ಎಲ್ಲ ತೆಗೆಯಬಾರದು. ಚೂರು ಚೂರೇ ಸವರಬೇಕು, ಒಳಗೆ ನಸುಗೆಂಪು ಕಂಡರೆ ಅಲ್ಲಿಗೆ ನಿಲ್ಲಿಸಬೇಕು, ಮುಂದಿನದು ಎರಡು ವಾರದ ಮೇಲೆ. ತಿಂಗಳುಗಟ್ಟಲೆ ಸೊಟ್ಟ ನಿಂತ ಕಾಲು ಒಂದೇ ದಿನಕ್ಕೆ ನೆಟ್ಟಗಾಗುವುದಿಲ್ಲ. ಗೊರಸಿನ ಸಂದಿ ಕೊಳೆತು ನಾರುತ್ತಿದ್ದವಕ್ಕೆ ಮೈಲುತುತ್ತದ ನೀರಿನಲ್ಲಿ ಕಾಲು ಅದ್ದಿಸಿದೆವು, ನೂರು ಪಾಲಿಗೆ ಐದು ಪಾಲು. ಆ ನೀರು ಕುಡಿಯದ ಹಾಗೆ ನೋಡಿಕೊಳ್ಳಬೇಕು, ವಿಷ.

ಹೇನಿಗೆ ಮೊದಲು ಕೂದಲು ಕತ್ತರಿಸಿ, ಔಷಧಿ ಡಾಕ್ಟರ ಅಳತೆಯಲ್ಲೇ ಹಾಕಿದ್ದು. 14ಕ್ಕೂ ಒಂದೇ ದಿನ. ಎರಡು ವಾರಕ್ಕೆ ಮತ್ತೊಮ್ಮೆ, ಯಾಕೆಂದರೆ ಔಷಧಿಗೆ ಹೇನು ಸಾಯುತ್ತದೆ, ಸೀರು ಸಾಯುವುದಿಲ್ಲ. ಸಗಣಿ ಹಲಗೆಯನ್ನು ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿದೆವು. ಹಗ್ಗ ಇಳಿದಿದ್ದ ಮೇಕೆಯ ಕುತ್ತಿಗೆಯನ್ನು ಡಾಕ್ಟರು ಮರಗಟ್ಟಿಸಿ, ಹಗ್ಗ ಕತ್ತರಿಸಿ ಎಳೆದರು. ಅದರ ತಲೆ ಹಿಡಿದುಕೊಂಡವನು ನಾನು. ಅದು ಕೂಗಲೂ ಇಲ್ಲ.

ಮೇವಿಗೆ ಒಣಹುಲ್ಲು, ಹುರುಳಿ ಹೊಟ್ಟು, ಶೇಂಗಾ ಹೊಟ್ಟು, ಸ್ವಲ್ಪ ಸ್ವಲ್ಪವಾಗಿ ಅಗಸೆ ಸೊಪ್ಪು, ಜಾಲಿಕಾಯಿ, ನೆಕ್ಕಲು ಖನಿಜದ ಬಿಲ್ಲೆ. ಕಾಳು ಅನ್ನೋದು ಮೂರು ವಾರ ಕಣ್ಣಿಗೂ ಬೀಳಬಾರದು.

ಅಜ್ಜಿಯ ಒಂದು ನಡವಳಿಕೆ ಮಾತ್ರ ನನ್ನನ್ನು ನಾಚಿಸಿತು. ಹೊರಡುವ ಮೊದಲು ನಲ್ಲಿಯಲ್ಲಿ ಕೈಕಾಲು ಉಜ್ಜಿ ತೊಳೆದು, ಚೀಲದಲ್ಲಿದ್ದ ಬೇರೆ ಸೀರೆ ಉಟ್ಟುಕೊಂಡರು. "ಇಲ್ಲಿ ಬಟ್ಟೆನಾಗೆ ನಮ್ಮ ರೊಪ್ಪಕ್ಕೆ ಹೋದ್ರೆ ಹಿರೇಬೇನೆ ನಮ್ಮಟ್ಟಿಗೂ ಬರ್ತೈತೆ" ಅಂದರು. ಅವರು ಹೇಳುವುದು ಪಿಪಿಆರ್ ಅನ್ನುವ ರೋಗ. 1987ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಾಣಿಸಿಕೊಂಡು ದೇಶವೆಲ್ಲ ಸುತ್ತಿದ್ದು. ಒಮ್ಮೆ ಸರಿಯಾಗಿ ಲಸಿಕೆ ಹಾಕಿದರೆ ಮೂರು ವರ್ಷ ತಡೆಯುತ್ತದೆ. ಎಲ್ಲಿಂದಲೋ ಬಂದ 23 ಮೇಕೆಯನ್ನು ಲಸಿಕೆ ಇಲ್ಲದೆ, ಪ್ರತ್ಯೇಕ ಇಡದೆ, ಹಳ್ಳಿಹಳ್ಳಿಯ ಜನ ಓಡಾಡುವ ಬಸ್ ಸ್ಟ್ಯಾಂಡಿನ ಹಿಂದೆ ನಾಲ್ಕು ತಿಂಗಳು ಕೂಡಿಹಾಕಿದ್ದೇವೆ. 2019ರ ಗಣತಿಯಲ್ಲಿ ರಾಜ್ಯದ ಮೇಕೆಗಳ ಲೆಕ್ಕ 61 ಲಕ್ಷಕ್ಕೂ ಮೇಲೆ. ಅದರಲ್ಲಿ ಬಹುಪಾಲು ಇಂಥ ಅಜ್ಜಿಯರ ಬ್ಯಾಂಕು, ಮಗಳ ಮದುವೆ, ಆಸ್ಪತ್ರೆ ಖರ್ಚು. ದೊಡ್ಡಿಯ ಕೊಳಕು ದೊಡ್ಡಿಯಲ್ಲೇ ಇರುತ್ತದೆ ಅಂದುಕೊಂಡ ಪುರಪಿತೃಗಳು ಇದನ್ನು ಯೋಚಿಸಿದಂತಿಲ್ಲ.

ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. ದಾರಿ ಕಾನೂನಿನಲ್ಲೇ ಇದೆ. ಕೇಸಿಗೆ ಸಿಕ್ಕ ಪ್ರಾಣಿಗಳ ಪಾಲನೆಗೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿದೆ. ಕೇಸು ಮುಗಿಯುವವರೆಗೆ ಪ್ರಾಣಿಯನ್ನು ಪಿಂಜರಾಪೋಲ್, ಪ್ರಾಣಿ ದಯಾ ಸಂಘ, ಆರೈಕೆ ಕೇಂದ್ರ ಇಂಥ ಕಡೆ ಇಡಬೇಕು, ಮೇವು ಮದ್ದು ಸಾಗಣೆ ಖರ್ಚಿಗೆ ಆರೋಪಿ ಮತ್ತು ಮಾಲೀಕನಿಂದ ಬಾಂಡ್ ಬರೆಸಿಕೊಳ್ಳಬೇಕು. ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಬೇಕು ಅನ್ನುವುದು 2001ರ ನಿಯಮ. ದೊಡ್ಡಿ ಅನ್ನುವುದಾದರೋ 1966ರ ದನ ಅತಿಕ್ರಮಣ ಕಾಯ್ದೆಯ ಕೂಸು, ಪೈರಿಗೆ ನುಗ್ಗಿದ ದನವನ್ನು ಮಾಲೀಕ ದಂಡ ಕಟ್ಟಿ ಬಿಡಿಸಿಕೊಳ್ಳುವವರೆಗೆ ನಾಲ್ಕು ದಿನ ಕಟ್ಟುವ ಜಾಗ. ಅದರಲ್ಲಿ ಕೋರ್ಟಿನ ಮೇಕೆಯನ್ನು ತಿಂಗಳುಗಟ್ಟಲೆ ತಳ್ಳುವುದು, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ರೋಗಿಯನ್ನು ಮಲಗಿಸಿ ಆಸ್ಪತ್ರೆಗೆ ಸೇರಿಸಿದ್ದೇವೆ ಅಂದ ಹಾಗೆ.

ಲಾರಿಯಲ್ಲಿ ತಂದದ್ದಕ್ಕೂ ದೊಡ್ಡಿಯಲ್ಲಿ ಇಟ್ಟದ್ದಕ್ಕೂ ಏನು ವ್ಯತ್ಯಾಸ ಅಂತ ಲಾರಿಯವನ ವಕೀಲ ನಾಳೆ ಕೋರ್ಟಿನಲ್ಲಿ ಕೇಳಿದರೆ? ಲಾರಿಯಲ್ಲಿ ಬದುಕಿದ್ದವು 23, ನಮ್ಮ ಕೈಯಲ್ಲಿ ಉಳಿದದ್ದು 14. ಕೊನೆಗೆ ಈ ಮೇಕೆಗಳು ಮಾಲೀಕನಿಗೇ ಹೋಗಬಹುದು, ಹರಾಜಿಗೂ ಹೋಗಬಹುದು, ಅದು ಕೋರ್ಟಿಗೆ ಬಿಟ್ಟದ್ದು. ಅಲ್ಲಿಯವರೆಗೆ ಅವು ಊರಿನ ಹೊಣೆ.

ಜಾತ್ರೆ ಇನ್ನು 19 ದಿನ ಇದೆ. 1959ರ ಪ್ರಾಣಿಬಲಿ ತಡೆ ಕಾಯ್ದೆ ಹೇಳಿ ಪ್ರತಿ ವರ್ಷದ ಹಾಗೆ ದೇವಸ್ಥಾನದ ಹತ್ತಿರ ಹರಕೆ ಮೇಕೆ ಹಿಡಿಯುತ್ತಾರೆ, ಹಿಡಿದವು ಬರುವುದು ಇಲ್ಲಿಗೇ. ಹಿಡಿಯುವ ಮೊದಲು ಬೇರೆ ರೊಪ್ಪ ಒಂದು ಕಟ್ಟಿ, ಮೇವಿನ ದುಡ್ಡು ಎತ್ತಿಡಿ, ಲಸಿಕೆ ತರಿಸಿ. ಮೇಕೆ ಗೊತ್ತಿರುವ ಇಬ್ಬರನ್ನು ಕೂಲಿಗೆ ಇಟ್ಟುಕೊಳ್ಳಿ, ಅಜ್ಜಿಯಂಥವರು ಬೇಕಾದಷ್ಟಿದ್ದಾರೆ. ಇಷ್ಟು ಆಗದಿದ್ದರೆ ಫೋಟೋಗ್ರಾಫರನ್ನು ಕರೆಯಬೇಡಿ.

ಅಂಗಡಿಯವರಲ್ಲಿ ಒಂದು ಬೇಡಿಕೆ. ಅನ್ನ ಹಾಕಬೇಡಿ, ಆ ದುಡ್ಡಿಗೆ ಒಂದು ಹೊರೆ ಹುಲ್ಲು ಹಾಕಿಸಿ. ಮಂಡಿಯ ಮೇಲೆ ತೆವಳುತ್ತಿದ್ದ ಎರಡರಲ್ಲಿ ಒಂದು ಮೊನ್ನೆಯಿಂದ ನಾಲ್ಕು ಕಾಲಿನ ಮೇಲೆ ನಿಲ್ಲುತ್ತಿದೆ. ಇನ್ನೊಂದು ಇನ್ನೂ ಇಲ್ಲ. ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಎರಡನೇ ಸಲ ಗೊರಸು ಸವರುವುದಿದೆ. ಮೇಕೆ 14, ನಮ್ಮಲ್ಲಿರುವ ಗುಲಾಬಿ ಕತ್ತರಿ ಒಂದೇ. ಮನೆಯಲ್ಲಿ ಇದ್ದವರು ತನ್ನಿ.