ಮಾನದಂಡ ಬದಲಾಗುವಾಗ ಕೆಲಸಗಾರನನ್ನು ಕೇಳಿದವರಾರು?

ದೊಡ್ಡ ಹೋಟೆಲುಗಳ ಗಲ್ಲೆಯ ಹಿಂದೆ, ಗಿರಣಿಗಳ ಕಚೇರಿಯಲ್ಲಿ, ದೇವರ ಪಟದ ಪಕ್ಕದಲ್ಲಿಯೇ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟನ್ನು ನಮ್ಮ ಕಾರ್ಮಿಕ ಬಂಧುಗಳಲ್ಲಿ ಹಲವರು ನೋಡಿರಬಹುದು. ಅದರ ಮೇಲೆ ಐಎಸ್‌ಒ ಎಂದಿರುತ್ತದೆ. ಅದು ಮಾಲಿಕರ ಕಾಗದ, ನಮಗೇನು ಎಂದು ಮುಂದೆ ನಡೆಯುವವರೇ ಹೆಚ್ಚು. ಈ ಉದಾಸೀನತೆ ನಮಗೆ ಹಿತವಲ್ಲ.

1947ರಲ್ಲಿ ಹುಟ್ಟಿದ ಈ ಅಂತರರಾಷ್ಟ್ರೀಯ ಸಂಸ್ಥೆಯ ಕಚೇರಿ ಜಿನೀವಾದಲ್ಲಿದೆ. ನಮ್ಮ ದೇಶದ ಪರವಾಗಿ ಭಾರತೀಯ ಮಾನಕ ಬ್ಯೂರೋ ಅದರ ಸದಸ್ಯ. ವಸ್ತುಗಳಿಗಷ್ಟೇ ಅಲ್ಲ, ಒಂದು ಉದ್ಯಮವನ್ನು ನಡೆಸುವ ರೀತಿಗೂ ಅದು ಮಾನದಂಡ ಹಾಕಿದೆ. ಗುಣಮಟ್ಟಕ್ಕೆ 9001, ಪರಿಸರಕ್ಕೆ 14001, ಆಹಾರದ ಸುರಕ್ಷತೆಗೆ 22000, ದುಡಿಯುವವರ ಆರೋಗ್ಯ ಮತ್ತು ಸುರಕ್ಷತೆಗೆ 45001. ಇವು ಕಾನೂನಲ್ಲ, ಇಷ್ಟಪಟ್ಟು ಒಪ್ಪಿಕೊಳ್ಳುವಂಥವು. ಸರ್ಟಿಫಿಕೇಟು ಕೊಡುವುದು ಕೂಡ ಐಎಸ್‌ಒ ಅಲ್ಲ, ಬೇರೆ ತಪಾಸಣಾ ಸಂಸ್ಥೆಗಳು.

ಈ ಮಾನದಂಡಗಳು ಕಾಲಕಾಲಕ್ಕೆ ಬದಲಾಗುತ್ತವೆ. 1987ರಲ್ಲಿ ಬಂದ 9001 ತರುವಾಯ 1994, 2000, 2008 ಮತ್ತು 2015ರಲ್ಲಿ ತಿದ್ದುಪಡಿ ಕಂಡಿತು. ಹೊಸದು ಬಂದಾಗ ಹಳೆಯ ಸರ್ಟಿಫಿಕೇಟು ಹೊಂದಿದವರಿಗೆ ಸಿದ್ಧರಾಗಲು ಅವಧಿ ಸಿಗುತ್ತದೆ. ಆ ಅವಧಿ ಹೇಗೆ ಕಳೆಯುತ್ತದೆಂಬುದೇ ಇಂದಿನ ಪ್ರಶ್ನೆ. ಎಷ್ಟೋ ಕಡೆ ಸಲಹೆಗಾರರು ಬರುತ್ತಾರೆ, ಫೈಲುಗಳು ಹೊಸದಾಗುತ್ತವೆ. ತಪಾಸಣೆಯ ಹಿಂದಿನ ದಿನ ಕ್ಲೀನರ್ ಹುಡುಗರಿಗೆ ಹೊಸ ಏಪ್ರನ್ ಸಿಗುತ್ತದೆ, ಬೆಂಕಿ ಆರಿಸುವ ಸಿಲಿಂಡರಿನ ಧೂಳು ಒರೆಸಲಾಗುತ್ತದೆ, ಕೇಳಿದರೆ ಹೀಗೆ ಹೇಳಿ ಎಂದು ಪಾಠವೂ ಆಗುತ್ತದೆ. ಸಾಹೇಬರು ಹೋದ ಮರುದಿನ ಹಳೆಯ ರಾಗವೇ. ಇದು ಸಿದ್ಧತೆಯಲ್ಲ, ವೇಷ.

2018ರ ಮಾರ್ಚಿಯಲ್ಲಿ 45001 ಪ್ರಕಟವಾಯಿತು. ಹಿಂದೆ ಬಳಕೆಯಲ್ಲಿದ್ದ ಓಎಚ್‌ಎಸ್‌ಎಎಸ್ 18001ನ್ನು ಬಿಟ್ಟು ಇದಕ್ಕೆ ಬರಲು ಮೂರು ವರ್ಷ ಕೊಟ್ಟಿದ್ದರು. ಕೋವಿಡ್ ಕಾರಣದಿಂದ ಅದು 2021ರ ಸೆಪ್ಟೆಂಬರಿನವರೆಗೆ ಬೆಳೆಯಿತು. ಇದರ 5.4ನೆಯ ಕಲಮನ್ನು ನಮ್ಮವರೆಲ್ಲರೂ ತಿಳಿದಿರಬೇಕು. ಅಧಿಕಾರದಲ್ಲಿಲ್ಲದ ಕೆಲಸಗಾರರನ್ನೂ ಕೇಳಿ ಸುರಕ್ಷತೆಯ ವ್ಯವಸ್ಥೆ ಮಾಡಬೇಕು, ಅದಕ್ಕೆ ಸಮಯವನ್ನೂ ತರಬೇತಿಯನ್ನೂ ಕೊಡಬೇಕು ಎಂದು ಅದು ವಿಧಿಸುತ್ತದೆ. ಅವರು ಬಾಯಿಬಿಡಲು ಇರುವ ಅಡ್ಡಿಗಳನ್ನು ನಿವಾರಿಸಬೇಕೆನ್ನುತ್ತದೆ. ಭಾಷೆ, ಓದುಬರಹದ ಕೊರತೆ, ಸೇಡಿನ ಬೆದರಿಕೆ, ಇವುಗಳನ್ನು ಅಡ್ಡಿಗಳೆಂದು ಹೆಸರಿಸಿಯೇ ಹೇಳಿದೆ. ಪರ ಊರಿನಲ್ಲಿ ದುಡಿಯುವ ಕನ್ನಡಿಗನ ಕಷ್ಟವನ್ನು ಜಿನೀವಾದಲ್ಲಿ ಕುಳಿತವರು ಬಲ್ಲರು. ಪಕ್ಕದ ಕೋಣೆಯ ಮ್ಯಾನೇಜರು ಅರಿಯಬಾರದೇಕೆ?

2024ರ ಫೆಬ್ರವರಿಯಲ್ಲಿ ಇನ್ನೊಂದು ಮಾತು ಸೇರಿತು. ಹವಾಮಾನದ ಬದಲಾವಣೆ ತಮ್ಮ ಉದ್ಯಮಕ್ಕೆ ಸಂಬಂಧಪಟ್ಟ ವಿಷಯವೇ ಎಂಬುದನ್ನು ಪ್ರತಿ ಸಂಸ್ಥೆಯೂ ನಿರ್ಧರಿಸಬೇಕೆಂದು 9001, 14001, 45001 ಮೊದಲಾದವುಗಳಲ್ಲೆಲ್ಲ ಬರೆಯಲಾಯಿತು. ಉತ್ತರವನ್ನು ತಂಪು ಕೋಣೆಯಲ್ಲಿ ಬರೆದರೆ 'ಸಂಬಂಧವಿಲ್ಲ' ಎಂದು ಒಂದು ಸಾಲಿನಲ್ಲಿ ಮುಗಿದೀತು. ಮೇ ತಿಂಗಳ ಮಧ್ಯಾಹ್ನ ಭಟ್ಟಿಯ ಮುಂದೆ ದೋಸೆ ಹುಯ್ಯುವವನನ್ನು, ನೇಯ್ಗೆ ಖಾತೆಯ ಸೆಕೆಯಲ್ಲಿ ಪಾಳಿ ಮುಗಿಸುವವನನ್ನು ಕೇಳಲಿ. ಗಾಳಿಯ ಕಿಂಡಿ ಎಲ್ಲಿ ಬೇಕು, ಕುಡಿಯುವ ನೀರು ಎಷ್ಟು ದೂರವಿದೆ, ವಿರಾಮ ಯಾವ ಹೊತ್ತಿಗೆ ಬೇಕು, ಅವರೇ ಹೇಳಬಲ್ಲರು.

ಆದುದರಿಂದ ಮಾಲಿಕರಲ್ಲಿ ನಮ್ಮ ಬೇಡಿಕೆ ಇಷ್ಟು. ಮಾನದಂಡ ಬದಲಾದಾಗ, ಫೈಲು ತಿದ್ದುವ ಮೊದಲು ಕೆಲಸಗಾರರ ಸಭೆ ಕರೆಯಿರಿ. ಹೊಸ ನಿಯಮವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿರಿ. ತರಬೇತಿಯನ್ನು ಕೆಲಸದ ವೇಳೆಯಲ್ಲೇ ಕೊಡಿರಿ, ಸಂಬಳ ಕತ್ತರಿಸಬೇಡಿರಿ. ಕೈ ಸುಟ್ಟ, ಕಾಲು ಜಾರಿದ ಸಂಗತಿಯನ್ನು ಹೇಳಿದವನನ್ನು ಗದರದೆ ದಾಖಲೆ ಮಾಡಿರಿ. ಇದರಿಂದ ಅವರಿಗೂ ನಷ್ಟವಿಲ್ಲ. ಕೆಲಸಗಾರ ಗಾಯಗೊಂಡು ಮಲಗಿದರೆ ಗೋಡೆಯ ಪಟ ದೋಸೆ ಹುಯ್ಯುವುದಿಲ್ಲ.

ಬಂಧುಗಳೇ, ನಮ್ಮ ಹೊಣೆಯೂ ಇದೆ. ಪ್ರತಿ ಭಟ್ಟಿಯಿಂದ, ಪ್ರತಿ ಖಾತೆಯಿಂದ ಒಬ್ಬ ಪ್ರತಿನಿಧಿಯನ್ನು ಆರಿಸಿಕೊಳ್ಳಿರಿ. ತಪಾಸಣೆಯವರು ಕೇಳಿದಾಗ ಕಂಡದ್ದನ್ನು ಹೇಳಿರಿ, ಒಬ್ಬೊಬ್ಬರಾಗಿ ಅಂಜುವುದಕ್ಕಿಂತ ಒಟ್ಟಾಗಿ ಹೇಳಿರಿ. ಬಾಯಿ ಇದ್ದವನು ಬರಗಾಲದಲ್ಲಿಯೂ ಬದುಕಿದನೆಂಬ ಗಾದೆ ನಮ್ಮದೇ ಅಲ್ಲವೆ?