ಗಾಳಿಪಟ ಹಿಡಿದು ಕಡಲಿಗಿಳಿದವರು



ಗಾಳಿಪಟ ಹಾರಿಸುವ ಮಕ್ಕಳ ಕೈಯಲ್ಲಿ ದಾರ ಜಗ್ಗುವುದನ್ನು ನೀವೆಲ್ಲರೂ ನೋಡಿರುತ್ತೀರಿ. ಒಂದು ಹಾಳೆ ಕಾಗದಕ್ಕೇ ಅಷ್ಟು ಎಳೆತವಿದ್ದರೆ, ಕೋಣೆಯಷ್ಟು ಅಗಲದ ಪಟಕ್ಕೆ ಎಷ್ಟಿರಬೇಡ? ಆ ಎಳೆತದ ಬಲದಿಂದ, ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟಕ್ಕೆ ಕೈಟ್‌ಸರ್ಫಿಂಗ್ ಎನ್ನುತ್ತಾರೆ. ಟಿ.ವಿ.ಯಲ್ಲಿ ಇದನ್ನು ಕಂಡ ಮಕ್ಕಳು “ಉಮ್ಮಾ, ಅವರು ಬೀಳುವುದಿಲ್ಲವೇ?” ಎಂದು ಕೇಳಿದರೆ ಏನು ಹೇಳುವಿರಿ?

ಬೀಳುತ್ತಾರೆ. ಪಟವೂ ಬೀಳುತ್ತದೆ. ಹಿಂದೆ ಇದೇ ದೊಡ್ಡ ತೊಡಕಾಗಿತ್ತು. ನೀರಿಗೆ ಬಿದ್ದು ತೊಯ್ದ ಪಟ ಮತ್ತೆ ಏಳುತ್ತಿರಲಿಲ್ಲ. ಫ್ರಾನ್ಸಿನ ಬ್ರಿಟನಿ ಕರಾವಳಿಯ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಸಹೋದರರು ಇದಕ್ಕೆ ಉಪಾಯ ಕಂಡುಕೊಂಡರು. ಪಟದ ಅಂಚಿಗೆ ಸೈಕಲ್ ಟ್ಯೂಬಿನಂತೆ ಗಾಳಿ ತುಂಬುವ ಕೊಳವೆ ಅಳವಡಿಸಿದರು. ಪಟ ಮುಳುಗದೆ ತೇಲಿತು, ದಾರ ಎಳೆದರೆ ಮತ್ತೆ ಮೇಲೆದ್ದಿತು. 1984ರಲ್ಲಿ ಅವರು ಇದರ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ಆದರೆ ಈ ಆಟ ಜನಪ್ರಿಯವಾದದ್ದು 1990ರ ದಶಕದ ಕೊನೆಯಲ್ಲಿ.

ಪಟ, ಸುಮಾರು 20ರಿಂದ 25 ಮೀಟರ್ ಉದ್ದದ ದಾರಗಳು, ಅವುಗಳನ್ನು ನಿಯಂತ್ರಿಸುವ ಹಿಡಿಕೋಲು, ಕಾಲಡಿಯ ಹಲಗೆ ಮತ್ತು ಸೊಂಟಕ್ಕೆ ಕಟ್ಟುವ ಪಟ್ಟಿ, ಇವಿಷ್ಟು ಮುಖ್ಯ ಸಾಮಗ್ರಿಗಳು. ಪಟದ ಎಳೆತವನ್ನೆಲ್ಲಾ ತೋಳುಗಳೇ ತಾಳಿಕೊಳ್ಳುತ್ತವೆ ಎಂಬುದು ತಪ್ಪು ಕಲ್ಪನೆ. ಆ ಭಾರವನ್ನು ಹೊರುವುದು ಸೊಂಟದ ಪಟ್ಟಿ. ಕೈಗಳು ಪಟದ ದಿಕ್ಕನ್ನಷ್ಟೇ ತಿದ್ದುತ್ತವೆ. ಆದ್ದರಿಂದ ಇಲ್ಲಿ ತೋಳ್ಬಲಕ್ಕಿಂತ ಗಾಳಿಯನ್ನು ಅರಿಯುವ ಜಾಣ್ಮೆ ಮುಖ್ಯ. ಸ್ಪೇನಿನ ಗಿಸೆಲಾ ಪುಲಿಡೊ 2004ರಲ್ಲಿ ವಿಶ್ವ ಚಾಂಪಿಯನ್ ಆದಾಗ ಆಕೆಯ ವಯಸ್ಸು ಕೇವಲ 10! 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಟದ ಓಟಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಮಾರ್ಸೇ ನಗರದ ಕಡಲಲ್ಲಿ ನಡೆದ ಸ್ಪರ್ಧೆಯಲ್ಲಿ ಬ್ರಿಟನ್ನಿನ ಎಲ್ಲೀ ಆಲ್ಡ್ರಿಜ್ ಮಹಿಳೆಯರ ಚಿನ್ನ ಗೆದ್ದರು.

ಉಡುಪು ಹೇಗೆ ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡಿರಬಹುದು. ತಣ್ಣನೆಯ ಕಡಲಲ್ಲಿ ಗಂಡಸರೂ ಹೆಂಗಸರೂ ಕತ್ತಿನಿಂದ ಕಾಲಿನವರೆಗೆ ಮುಚ್ಚುವ ದಪ್ಪ ರಬ್ಬರಿನ ಉಡುಪು ಧರಿಸುತ್ತಾರೆ. ಬಿಸಿಲ ನಾಡುಗಳಲ್ಲಿಯೂ ಉದ್ದ ತೋಳಿನ ಉಡುಪು ತೊಡುವವರಿದ್ದಾರೆ. ಅದರ ಮೇಲೆ ತೇಲುಜಾಕೆಟ್, ತಲೆಗೆ ಹೆಲ್ಮೆಟ್.

ಅಪಾಯವಿಲ್ಲವೇ? ಖಂಡಿತ ಇದೆ. ಗಾಳಿ ದಡದಿಂದ ಕಡಲಿನತ್ತ ಬೀಸುತ್ತಿದ್ದರೆ ನೀರಿಗಿಳಿಯಬಾರದು, ಅದು ಆಳಕ್ಕೆ ಒಯ್ಯುತ್ತದೆ. ನೇರವಾಗಿ ದಡಕ್ಕೆ ಬೀಸುತ್ತಿದ್ದರೆ ಹೊಸಬರನ್ನು ಬಂಡೆಗೋ ಮರಳಿಗೋ ಅಪ್ಪಳಿಸೀತು. ದಡಕ್ಕೆ ಸಮಾನಾಂತರವಾಗಿ ಬೀಸುವ ಗಾಳಿಯೇ ಉತ್ತಮ. ಗುಡುಗಿನ ಮೋಡ ಕಂಡರೆ ಪಟ ಇಳಿಸಬೇಕು. ವಿದ್ಯುತ್ ತಂತಿ ಮತ್ತು ಜನಸಂದಣಿಯಿಂದ ದೂರವಿರಬೇಕು. ಬಿಗಿದ ದಾರವನ್ನು ಕೈಯಿಂದ ಹಿಡಿದರೆ ಬೆರಳು ಕತ್ತರಿಸೀತು. ಪರಿಸ್ಥಿತಿ ಕೈಮೀರಿದರೆ ಪಟದ ಎಳೆತವನ್ನು ಒಮ್ಮೆಲೇ ಬಿಡಿಸುವ ಕೊಕ್ಕೆ ಹಿಡಿಕೋಲಿನ ಬಳಿಯೇ ಇರುತ್ತದೆ. ಮೊದಲು ಅಭ್ಯಾಸ ಮಾಡಿಸುವ ಪಾಠಗಳಲ್ಲಿ ಇದೂ ಒಂದು.

ಆದ್ದರಿಂದಲೇ ಇದನ್ನು ನೋಡಿ ಕಲಿಯಲಾಗದು, ತರಬೇತುದಾರರು ಬೇಕೇ ಬೇಕು. ಮೊದಲು ಮರಳಿನ ಮೇಲೆ ಚಿಕ್ಕ ಪಟ, ಅನಂತರ ಹಲಗೆಯಿಲ್ಲದೆ ನೀರಿನಲ್ಲಿ ಪಟದ ಎಳೆತಕ್ಕೆ ಮೈಯೊಡ್ಡುವುದು, ಕೊನೆಗೆ ಹಲಗೆ. ಡಾ. ಅಬ್ದುಲ್ ಕಲಾಂ ಹುಟ್ಟಿದ ರಾಮೇಶ್ವರದ ಕಡಲತೀರದಲ್ಲಿಯೂ ಈ ಆಟ ಕಲಿಸುವವರಿದ್ದಾರೆ.

ಎಲ್ಲರ ಮಕ್ಕಳೂ ಕೈಟ್‌ಸರ್ಫಿಂಗ್ ಕಲಿಯಲಾರರು. ಸಾಮಗ್ರಿಗಳು ದುಬಾರಿ, ಕಡಲೂ ಎಲ್ಲರಿಗೆ ಹತ್ತಿರವಿಲ್ಲ. ಆದರೆ ಅದಕ್ಕಿಂತ ಮೊದಲು ಕಲಿಯಲೇಬೇಕಾದ ಈಜು ನಮ್ಮ ಕೈಗೆಟುಕುವಂಥದ್ದು. ಗಂಡುಮಕ್ಕಳು ಕೆರೆ, ಹೊಳೆಗಳಲ್ಲಿ ಹೇಗೋ ಕಲಿತುಕೊಳ್ಳುತ್ತಾರೆ. ಹೆಣ್ಣುಮಕ್ಕಳು ದಡದಲ್ಲಿ ಚಪ್ಪಲಿ ಕಾಯುತ್ತಾ ನಿಲ್ಲುತ್ತಾರೆ. ಕಾಲು ಜಾರಿದಾಗ ನೀರು ಇವರಿಬ್ಬರಲ್ಲಿ ಭೇದವೆಣಿಸುವುದಿಲ್ಲ. ಮಹಿಳೆಯರಿಗೆ ಪ್ರತ್ಯೇಕ ಸಮಯವಿರುವ ಈಜುಕೊಳ ನಿಮ್ಮೂರಿನಲ್ಲಿದೆಯೇ? ವಿಚಾರಿಸಿ. ಇಲ್ಲವಾದರೆ ನಾಲ್ಕು ಮನೆಯವರು ಸೇರಿ ಕೇಳಿ ನೋಡಿ. ಮುಂದಿನ ರಜೆಗೆ ಮಗನೊಂದಿಗೆ ಮಗಳ ಹೆಸರನ್ನೂ ಬರೆಸಿ.