ಪಿಕಪ್ ವಾಹನಕ್ಕೆ ಹೊಸ ಶಾಕ್ ಅಬ್ಸಾರ್ಬರ್: ಕೊಳ್ಳುವ ಮುನ್ನ

ನಮ್ಮ ಒಕ್ಕಲು ಮನೆತನಗಳಲ್ಲಿ ಎತ್ತಿನ ಬಂಡಿಯ ಸ್ಥಾನವನ್ನು ಪಿಕಪ್ ವಾಹನವು ಬಹುಮಟ್ಟಿಗೆ ಪಡೆದುಕೊಂಡಿದೆ. ಈರುಳ್ಳಿ, ಮೆಣಸಿನಕಾಯಿಗಳು ಮಾರುಕಟ್ಟೆಗೆ ಹೋಗುವುದೂ ಅದರಲ್ಲಿಯೇ, ಗೊಬ್ಬರ, ಹಿಂಡಿಗಳು ಮನೆಗೆ ಬರುವುದೂ ಅದರಲ್ಲಿಯೇ. ಇಂಜಿನ್ ಮತ್ತು ಟೈರುಗಳ ಮೇಲಿರುವ ಲಕ್ಷ್ಯವು ಶಾಕ್ ಅಬ್ಸಾರ್ಬರುಗಳ ಮೇಲೆ ಇರುವುದಿಲ್ಲ. ಅವು ಕೆಟ್ಟರೂ ವಾಹನ ಓಡುತ್ತದೆ, ಅಪಾಯವಿರುವುದೂ ಅಲ್ಲಿಯೇ.

ಹೊರೆಯನ್ನು ಹೊರುವುದು ಶಾಕ್ ಅಬ್ಸಾರ್ಬರ್ ಅಲ್ಲ, ಕಮಾನು ಪಟ್ಟಿಗಳು. ಚಕ್ರವು ಗುಂಡಿಗೆ ಬಿದ್ದೆದ್ದಾಗ ಪಟ್ಟಿಯು ಬಾಗಿ ಮತ್ತೆ ಚಿಮ್ಮುತ್ತದೆ. ಆ ಕುಪ್ಪಳಿಕೆಯನ್ನು ಅಡಗಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಒಳಗಿನ ಪಿಸ್ಟನ್ನು ಕಿರಿದಾದ ರಂಧ್ರಗಳ ಮೂಲಕ ಎಣ್ಣೆಯನ್ನು ನೂಕುವುದರಿಂದ ಚಲನೆಯ ಶಕ್ತಿಯು ಶಾಖವಾಗಿ ಕರಗಿಹೋಗುತ್ತದೆ. ಇದರಿಂದ ಚಕ್ರವು ನೆಲವನ್ನು ಬಿಡದೆ ಹಿಡಿದಿರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಹತ್ತದು, ಸ್ಟೇರಿಂಗಿನ ಮಾತನ್ನೂ ಅದು ಕೇಳದು.

ಆದ್ದರಿಂದ ‘ಗಟ್ಟಿ ಶಾಕ್ ಹಾಕಿಸಿದರೆ ಇನ್ನೂ ಹತ್ತು ಚೀಲ ಹೆಚ್ಚು ಹೇರಬಹುದು’ ಎಂಬ ಮಾತು ಸಲ್ಲದು. ಹೇರಬಹುದಾದ ತೂಕವು ನೋಂದಣಿ ಪತ್ರದಲ್ಲಿ ಬರೆದಿರುವಷ್ಟೇ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಅತಿಭಾರಕ್ಕೆ 20,000 ರೂಪಾಯಿ ಮತ್ತು ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ ದಂಡವನ್ನು ಹೇಳುತ್ತದೆ.

ಬದಲಿಸುವ ಕಾಲ ಬಂದಿತೆಂದು ತಿಳಿಯುವುದು ಹೇಗೆ? ಕೊಳವೆಯ ಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಚಿಂತೆಯಿಲ್ಲ. ಎಣ್ಣೆ ಇಳಿದು ತೊಟ್ಟಿಕ್ಕುತ್ತಿದ್ದರೆ ಸೋರಿಕೆಯೇ ಸರಿ. ಟೈರು ಅಲ್ಲಲ್ಲಿ ತಗ್ಗುತಗ್ಗಾಗಿ ಸವೆಯುವುದು, ಬ್ರೇಕ್ ಒತ್ತಿದೊಡನೆ ಮುಂಭಾಗವು ತಲೆ ಬಾಗಿಸುವುದು, ಒಂದು ಉಬ್ಬು ದಾಟಿದ ಮೇಲೂ ವಾಹನವು ಮೂರು ನಾಲ್ಕು ಸಲ ಕುಪ್ಪಳಿಸುವುದು, ಇವು ಉಳಿದ ಲಕ್ಷಣಗಳು.

ಕೊಳ್ಳುವಾಗ ಮೊದಲು ವಾಹನದ ಮಾದರಿ ಮತ್ತು ತಯಾರಾದ ವರ್ಷಕ್ಕೆ ಹೊಂದುವ ಬಿಡಿಭಾಗದ ಸಂಖ್ಯೆಯನ್ನು ನೋಡಬೇಕು. ಉದ್ದ ಕಡಿಮೆಯಾದರೆ ಚಕ್ರ ಕೆಳಗಿಳಿದಾಗ ಶಾಕ್ ಎಳೆದುಕೊಂಡು ಕಿತ್ತುಹೋಗುತ್ತದೆ. ಹೆಚ್ಚಾದರೆ ಹೊರೆ ಬಿದ್ದಾಗ ತಳ ಬಡಿದು ಒಡೆಯುತ್ತದೆ. ಎರಡನೆಯದು, ಬಗೆ. ಬರಿಯ ಎಣ್ಣೆಯದು ಅಗ್ಗ. ಆದರೆ ಹದಗೆಟ್ಟ ರಸ್ತೆಯಲ್ಲಿ ಬಹುದೂರ ಓಡಿದಾಗ ಎಣ್ಣೆ ಕಾದು ನೊರೆಯೆದ್ದು ಹಿಡಿತ ತಗ್ಗುತ್ತದೆ. ನೈಟ್ರೋಜನ್ ಅನಿಲ ತುಂಬಿದ ಬಗೆಯಲ್ಲಿ ನೊರೆ ಕಡಿಮೆ, ಬೆಲೆ ತುಸು ಹೆಚ್ಚು. ಮೂರನೆಯದು, ನಮ್ಮ ಬಳಕೆ. ಪಿಕಪ್ಪು ಹೋಗುವಾಗ ಹೊರೆ ಹೊತ್ತು, ಬರುವಾಗ ಬರಿದಾಗಿ ಓಡುತ್ತದೆ. ಅತಿ ಬಿರುಸಾದ ಶಾಕ್ ಹಾಕಿಸಿದರೆ ಬರಿದಾದ ವಾಹನದ ಹಿಂಚಕ್ರಗಳು ತಿರುವಿನಲ್ಲಿ ಜಿಗಿದು ಜಾರುತ್ತವೆ. ಕಾರ್ಖಾನೆಯ ಅಳತೆಗೆ ಸಮನಾದುದೇ ಬಹುತೇಕ ಮನೆಗಳಿಗೆ ಯೋಗ್ಯವಾದುದು.

‘ಹೊರಗಿನ ಮಾಲು’ ಎಂದೊಡನೆ ಕೀಳೆಂದು ಎಣಿಸಬೇಕಿಲ್ಲ. 1961ರಲ್ಲಿ ಸ್ಥಾಪನೆಯಾದ ಗೇಬ್ರಿಯಲ್ ಇಂಡಿಯಾ ಸಂಸ್ಥೆಯು ವಾಹನ ಕಾರ್ಖಾನೆಗಳಿಗೂ ಪೂರೈಸುತ್ತದೆ, ಬಿಡಿಭಾಗಗಳ ಪೇಟೆಗೂ ಮಾರುತ್ತದೆ. ಅಂಜಬೇಕಾದುದು ನಕಲಿಗೆ. ಮೊಹರು ಒಡೆಯದ ಪೆಟ್ಟಿಗೆ, ಮುದ್ರಿತ ಬೆಲೆ, ಖಾತರಿಯ ಚೀಟಿ, ಜಿಎಸ್‌ಟಿ ಬಿಲ್ಲು ಇವನ್ನು ಕೇಳಿ ಪಡೆಯಿರಿ. ಹಳೆಯದಕ್ಕೆ ಬಣ್ಣ ಬಳಿದು ಮಾರುವುದನ್ನು ಎಷ್ಟು ಅಗ್ಗವಾದರೂ ಮುಟ್ಟದಿರಿ.

ಜೋಡಿಸುವಾಗ ಒಂದು ಅಚ್ಚಿನ ಎರಡನ್ನೂ ಒಟ್ಟಿಗೆ ಬದಲಿಸತಕ್ಕದ್ದು. ಒಂದು ಹೊಸದು, ಇನ್ನೊಂದು ಹಳೆಯದಾದರೆ ವಾಹನವು ಒಂದು ಕಡೆಗೆ ತೊನೆಯುತ್ತದೆ. ಎರಡು ಕೊಳವೆಗಳ ಬಗೆಯನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಎಳೆದು ಒತ್ತಿ, ಒಳಗಿನ ಗಾಳಿಯನ್ನು ತೆಗೆದ ಮೇಲೆಯೇ ಕೂಡಿಸಬೇಕು. ಸವೆದ ರಬ್ಬರ್ ಬುಷ್‌ಗಳನ್ನು ಉಳಿಸಿಕೊಳ್ಳಬಾರದು. ಬೋಲ್ಟುಗಳ ಕೊನೆಯ ಬಿಗಿತವು ಜಾಕ್ ಇಳಿಸಿ, ವಾಹನದ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಆಗಲಿ.

ಹೊಲದ ಕೆಲಸ ಮುಗಿಸಿ ಕತ್ತಲಲ್ಲಿ ಮನೆಗೆ ಮರಳುವ ಮಗನಿಗಾಗಿ ತಾಯಿಯೊಬ್ಬಳು ಬಾಗಿಲಲ್ಲಿ ಕಾಯುತ್ತಿರುತ್ತಾಳೆ. ತಿರುವಿನಲ್ಲಿ ಅವನ ಗಾಡಿಯ ಚಕ್ರವು ನೆಲ ಹಿಡಿದಿರಬೇಕು. ಇದನ್ನು ನೆನೆದರೆ ಉಳಿಸಬಹುದಾದ ಕೆಲವು ನೂರು ರೂಪಾಯಿಗಳು ದೊಡ್ಡವೆನಿಸಲಾರವು. ಸುಗ್ಗಿಯ ಸಾಗಾಟ ಆರಂಭವಾಗುವ ಮುನ್ನವೇ ಬಲ್ಲ ಮೆಕ್ಯಾನಿಕ್‌ನಿಂದ ಒಮ್ಮೆ ನಾಲ್ಕೂ ಶಾಕ್‌ಗಳನ್ನು ನೋಡಿಸಿಕೊಳ್ಳಿರಿ.